ವಿನ್ಯಾಸಮಾದರಿಗಳೂ ಕಾರ್ಯನಿರ್ವಹಣಶಿಕ್ಷಣವೂ

ತಾಂತ್ರಿಕ ಕಾರ್ಯಗಳನ್ನು ನಡೆಸಿ ನುರಿತವನು ತನ್ನ ಅರಿವನ್ನು ಶಿಷ್ಯನಿಗೆ ದಾಟಿಸಹೊರಟಾಗ ಎರಡು ತೊಡಕುಗಳು ಒದಗುತ್ತವೆ. ಸಾಮಾನ್ಯ ಸೂತ್ರವನ್ನು ಹೇಳಿದರೆ ಅದು ಕಾರ್ಯಕಾಲದಲ್ಲಿ ನೆರವಾಗದು. ನಡೆದ ಸಂಗತಿಯೊಂದನ್ನೇ ಹೇಳಿದರೆ ಅದು ಮತ್ತೊಂದು ಸಂದರ್ಭಕ್ಕೆ ಹೊಂದದು. ಇವೆರಡರ ನಡುವಣ ದಾರಿಯೇ ವಿನ್ಯಾಸಮಾದರಿ.

ಈ ಪದ್ಧತಿಯು ರೂಪುಗೊಂಡುದು ವಾಸ್ತುವಿದ್ಯೆಯಲ್ಲಿ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಅವರೂ ಅವರ ಸಂಗಡಿಗರೂ 1977ರಲ್ಲಿ ಪ್ರಕಟಿಸಿದ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಎಂಬ ಗ್ರಂಥದಲ್ಲಿ 253 ಮಾದರಿಗಳಿವೆ. ಪ್ರತಿಯೊಂದಕ್ಕೂ ಹೆಸರು, ಸಲ್ಲುವ ಸಂದರ್ಭ, ಸಮಸ್ಯೆ, ಅದರ ಹೇತುಗಳು, ಪರಿಹಾರ ಎಂಬ ಅಂಗಗಳುಂಟು. ಕೊಠಡಿಗೆ ಎರಡು ಪಕ್ಕಗಳಿಂದ ಬೆಳಕು ಬರಬೇಕೆಂಬುದು 159ನೆಯ ಮಾದರಿ. ಒಂದೇ ಪಕ್ಕದ ಬೆಳಕು ಕಣ್ಣು ಕುಕ್ಕುವುದರಿಂದ ಎದುರಿಗಿರುವವರ ಮುಖಭಾವವು ಸ್ಪಷ್ಟವಾಗದೆಂಬುದು ಅದಕ್ಕೆ ಹೇತು. ಇದಲ್ಲದೆ, ಕರ್ತೃಗಳಿಗೆ ದೃಢವಿಶ್ವಾಸವಿದ್ದ ಮಾದರಿಗೆ ಎರಡು ನಕ್ಷತ್ರಚಿಹ್ನೆಗಳು, ಅಷ್ಟಿಲ್ಲದುದಕ್ಕೆ ಒಂದು. ಸಂದೇಹವಿದ್ದುದಕ್ಕೆ ಯಾವ ಚಿಹ್ನೆಯೂ ಇಲ್ಲ.

1987ರಲ್ಲಿ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ ಎಂಬಿಬ್ಬರು ಈ ಕ್ರಮವನ್ನು ಕಂಪ್ಯೂಟರ್ ಕ್ರಮವಿಧಿಗಳ ರಚನೆಗೆ ಅಳವಡಿಸಿದರು. ಬಳಿಕ ಅದು ಜನರನ್ನು ಕೂಡಿಸಿ ಕೆಲಸ ನಡೆಸುವ ವಿದ್ಯೆಗೂ ಹಬ್ಬಿತು. ಜೇಮ್ಸ್ ಕೋಪ್ಲಿಯನ್, ನೀಲ್ ಹ್ಯಾರಿಸನ್ ಇವರ 2004ರ ಗ್ರಂಥದಲ್ಲಿ ಬರುವ ‘ವಿನ್ಯಾಸಕನೂ ನಿರ್ಮಾಣಕ್ಕೆ ಕೈಹಾಕಲಿ’ ಎಂಬರ್ಥದ ಮಾದರಿಯನ್ನು ನೋಡಬಹುದು. ಒಟ್ಟು ಯೋಜನೆಯನ್ನು ರೂಪಿಸುವವನು ದೂರದಲ್ಲಿಯೇ ಉಳಿದರೆ ಕಟ್ಟುವವರ ಕಷ್ಟವು ಅವನಿಗೆ ತಿಳಿಯದು. ಕಟ್ಟುವುದರಲ್ಲಿಯೇ ಮುಳುಗಿದರೆ ಸಮಗ್ರದೃಷ್ಟಿಯು ತಪ್ಪುವುದು. ಈ ಎಳೆದಾಟವನ್ನರಿಯದೆ ಹೆಸರನ್ನು ಮಾತ್ರ ಕಲಿತವನು ಎಲ್ಲಿ ಯಾವುದು ಸಲ್ಲದೆಂಬುದನ್ನು ಕಾಣಲಾರನು.

ಉಪಮೆ, ರೂಪಕ ಎಂಬ ಹೆಸರುಗಳಿರುವುದರಿಂದ ಗುರುಶಿಷ್ಯರು ಪದ್ಯವೊಂದರ ಗುಣವನ್ನು ಸುಲಭವಾಗಿ ಚರ್ಚಿಸಬಲ್ಲರು; ಆದರೆ ಲಕ್ಷಣವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಯಾರೂ ಕವಿಯಾಗರು. ಮಾದರಿಗಳ ವಿಷಯವೂ ಅಂತೆಯೇ. ಆದಕಾರಣ ಬೋಧಕನು ಮೊದಲು ಸಂದರ್ಭವನ್ನು ಮುಂದಿಟ್ಟು, ಹೇತುಗಳನ್ನು ಶಿಷ್ಯರಿಂದಲೇ ಹೊರಡಿಸಿ, ಕಡೆಗೆ ಹೆಸರನ್ನು ಹೇಳುವುದು ಯುಕ್ತ.

ಮಾದರಿಗಳನ್ನು ಒರೆಗೆ ಹಚ್ಚುವ ಕ್ರಮವಂತೂ ಸಾಹಿತ್ಯದಿಂದಲೇ ಬಂದುದು. 1994ರಿಂದ ಅಮೆರಿಕದಲ್ಲಿ ಇದಕ್ಕಾಗಿಯೇ ನಡೆದ ಸಮ್ಮೇಳನಗಳಿಗೆ, ಕವಿಯೂ ಕಂಪ್ಯೂಟರ್ ವಿದ್ವಾಂಸರೂ ಆದ ರಿಚರ್ಡ್ ಗೇಬ್ರಿಯಲ್ ಅವರು ಲೇಖಕರ ಗೋಷ್ಠಿಯ ರೀತಿಯನ್ನು ತಂದರು. ಅಲ್ಲಿ ಸಹಲೇಖಕರು ಬರಹದ ಗುಣದೋಷಗಳನ್ನು ವಿಮರ್ಶಿಸುವಾಗ ಕರ್ತೃವು ಮೌನವಾಗಿ ಕೇಳುತ್ತಿರಬೇಕು. ಬರೆದವನ ವಿವರಣೆಯಿಲ್ಲದೆ ಓದುಗನಿಗೆ ತಿಳಿಯದ ಮಾದರಿಯು ಇನ್ನೂ ಎಲ್ಲರ ಸೊತ್ತಾಗಿಲ್ಲವೆಂದೇ ಭಾವಿಸತಕ್ಕದ್ದು.