ಹದಿನೈದು ಸೆಕೆಂಡಿನ ತೀರ್ಪು

ಹುಟ್ಟಿ 24 ಗಂಟೆಯೂ ತುಂಬದ ನೀರುಚಿಗಟದ ಮರಿಗಳನ್ನು ರಾಸಾಯನಿಕ ಬೆರೆಸಿದ ನೀರಿಗೆ ಬಿಡುತ್ತಾರೆ. 48 ಗಂಟೆ ಅವಕ್ಕೆ ಆಹಾರವಿಲ್ಲ. ಕೊನೆಗೆ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡು ನೋಡುತ್ತಾರೆ. ಅಷ್ಟರೊಳಗೆ ಈಜದ ಮರಿ ‘ನಿಶ್ಚಲ’ ಎಂದು ದಾಖಲಾಗುತ್ತದೆ. ಅರ್ಧದಷ್ಟು ಮರಿಗಳನ್ನು ಹೀಗೆ ನಿಲ್ಲಿಸುವ ಪ್ರಮಾಣವೇ ಆ ರಾಸಾಯನಿಕದ ವಿಷದ ಅಳತೆ.

‘ಸತ್ತಿತು’ ಎನ್ನದೆ ‘ನಿಶ್ಚಲ’ ಎನ್ನುವುದೇಕೆ? ಡ್ಯಾಫ್ನಿಯಾ ಮ್ಯಾಗ್ನಾ ಎಂಬ ಈ ಜೀವಿಯ ಮೈ ಪಾರದರ್ಶಕ. ಈಜು ನಿಂತ ಮೇಲೂ ಒಳಗೆ ಹೃದಯ ಬಡಿಯುತ್ತಿರಬಹುದು. ಸಾವಿನ ಗಳಿಗೆಯನ್ನು ಇಬ್ಬರು ನೋಡಿದರೆ ಇಬ್ಬರೂ ಬೇರೆಬೇರೆ ಹೇಳುತ್ತಾರೆ. ಚಲನೆ ನಿಂತದ್ದನ್ನು ಯಾರು ನೋಡಿದರೂ ಒಂದೇ. ಮೇಲಾಗಿ, ಈಜಲಾರದ ಚಿಗಟ ಕೆರೆಯಲ್ಲಿ ಉಳಿಯುವುದೂ ಇಲ್ಲ. ನನ್ನ ಮಟ್ಟಿಗೆ ಈ ಪರೀಕ್ಷೆಯ ಅತ್ಯಂತ ವಿವೇಕದ ನಿರ್ಧಾರ ಇದೇ.

ಈ ಜೀವಿಯನ್ನು ಪ್ರಯೋಗಕ್ಕೆ ತಂದವರಲ್ಲಿ ಮೊದಲಿಗರು ಸ್ವೀಡನ್ನಿನ ಸರೋವರ ವಿಜ್ಞಾನಿ ಐನಾರ್ ನೌಮನ್. ಅದು 1930ರ ದಶಕ. 1944ರಲ್ಲಿ ಅಮೆರಿಕದ ಬರ್ಟಿಲ್ ಆಂಡರ್ಸನ್ ಕಾರ್ಖಾನೆ ತ್ಯಾಜ್ಯದಲ್ಲಿರುವ ಹಲವು ವಸ್ತುಗಳ ವಿಷದ ಮಿತಿಯನ್ನು ಇದರಿಂದಲೇ ಅಳೆದು ಪ್ರಕಟಿಸಿದರು. ಹೆಣ್ಣು ಚಿಗಟ ಗಂಡಿನ ಹಂಗಿಲ್ಲದೆ ತನ್ನದೇ ಪಡಿಯಚ್ಚಿನ ಮರಿಗಳನ್ನು ಹಾಕುವುದರಿಂದ ಒಂದೇ ಗುಣದ ನೂರಾರು ಜೀವಿಗಳು ಸುಲಭವಾಗಿ ಸಿಗುತ್ತಿದ್ದವು.

ಆದರೆ ಪ್ರಯೋಗಾಲಯಕ್ಕೊಂದು ಪದ್ಧತಿಯಾದರೆ ಫಲಿತಾಂಶ ಹೋಲಿಸುವುದು ಹೇಗೆ? 1984ರಲ್ಲಿ ಹಲವು ದೇಶಗಳ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ಈ ಪರೀಕ್ಷೆಗೆ 202ನೇ ಮಾರ್ಗಸೂಚಿ ತಂದು, 2004ರಲ್ಲಿ ಪರಿಷ್ಕರಿಸಿತು. ಕನಿಷ್ಠ ಐದು ಪ್ರಮಾಣ, ಪ್ರತಿಯೊಂದಕ್ಕೂ 20 ಮರಿ, 18ರಿಂದ 22 ಡಿಗ್ರಿ ಉಷ್ಣಾಂಶ. ವಿಷವಿಲ್ಲದ ನೀರಿನಲ್ಲೇ ಶೇ 10ಕ್ಕಿಂತ ಹೆಚ್ಚು ಮರಿಗಳು ನಿಶ್ಚಲವಾದರೆ ಪರೀಕ್ಷೆಯೇ ರದ್ದು.

ಇಷ್ಟು ಕಟ್ಟುನಿಟ್ಟಾದ ಪರೀಕ್ಷೆಯ ಕಣ್ಣಿಗೂ ಬೀಳದ್ದು ಇಮಿಡಾಕ್ಲೋಪ್ರಿಡ್. ನಮ್ಮ ರೈತರಿಗೂ ಪರಿಚಯವಿರುವ ಈ ಕೀಟನಾಶಕ ಲೀಟರಿಗೆ ಹತ್ತಾರು ಮಿಲಿಗ್ರಾಂ ಇದ್ದರೂ ಡ್ಯಾಫ್ನಿಯಾ ಎರಡು ದಿನ ತಾಳಿಕೊಳ್ಳುತ್ತದೆ. ಕೆಸರಿನಲ್ಲಿ ಬೆಳೆಯುವ ಕೈರೊನೊಮಸ್ ಎಂಬ ಕಚ್ಚದ ಕೀಟದ ಮರಿಗಾದರೋ ಮೈಕ್ರೋಗ್ರಾಂ ಲೆಕ್ಕದಲ್ಲೇ ಪೆಟ್ಟು. ಆ ಮರಿಗಳಿಗೆಂದೇ 235ನೇ ಮಾರ್ಗಸೂಚಿ ಬಂದದ್ದು 2011ರಲ್ಲಿ. ಪರೀಕ್ಷಾ ವರದಿಗಳನ್ನು ಪರಸ್ಪರ ಒಪ್ಪಿಕೊಳ್ಳುವ ಒಇಸಿಡಿ ವ್ಯವಸ್ಥೆಗೆ ಭಾರತ ಪೂರ್ಣವಾಗಿ ಸೇರಿದ್ದೂ ಅದೇ ವರ್ಷ. ಗದ್ದೆಗೆ ಸುರಿಯುವ ಕೀಟನಾಶಕಕ್ಕೆ ಅನುಮತಿ ಕೊಡುವವರು ಡ್ಯಾಫ್ನಿಯಾ ವರದಿಯೊಂದಕ್ಕೇ ತೃಪ್ತರಾಗದೆ, ಈ ಕೆಸರಿನ ಮರಿಗಳ ವರದಿಯನ್ನೂ ಕೇಳಿ ಪಡೆಯಬೇಕು.