ನಾಯಿಗೊಂದು ವೈದ್ಯರ ಪತ್ರ

ನಮ್ಮ ಕಡೆಯ ಮನೆಗಳಲ್ಲಿ ನಾಯಿಗೆ ಅಂಗಳ, ಬೆಕ್ಕಿಗೆ ಒಲೆಯ ಬದಿ ಎಂಬುದು ಯಾರೂ ಬರೆದಿಡದ ಕಟ್ಟಳೆ. ಅವನ್ನು ಸಾಕಲು ನಾವು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ಆದುದರಿಂದ, ಅಮೆರಿಕಾದ ಕಾಲೇಜುಗಳಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ನಾಯಿಯನ್ನು ಕೋಣೆಯಲ್ಲಿರಿಸಿಕೊಳ್ಳಲು ವೈದ್ಯರ ಪತ್ರ ತರಬೇಕೆಂದರೆ ವಾಚಕರು ನಕ್ಕಾರು. ನಾವೂ ಮೊದಲು ನಕ್ಕವರೇ. ವಿಷಯವನ್ನು ತಿಳಿಯುತ್ತ ಹೋದಂತೆ ಆ ನಗು ಉಳಿಯಲಿಲ್ಲ.

ಖಿನ್ನತೆ, ಕಳವಳಗಳಿಂದ ಬಳಲುವವರಿಗೆ ಸಾಂತ್ವನ ನೀಡುವ ಪ್ರಾಣಿಯನ್ನು ಅಲ್ಲಿ ‘ಭಾವನಾತ್ಮಕ ಆಸರೆಯ ಪ್ರಾಣಿ’ ಎನ್ನುತ್ತಾರೆ. ಅಂಧರಿಗೆ ದಾರಿ ತೋರುವ ನಾಯಿ ಬೇರೆ. 1990ರ ಅಂಗವಿಕಲರ ಕಾಯಿದೆಯಂತೆ ಅದು ಗೊತ್ತಾದ ಕೆಲಸಕ್ಕೆ ತರಬೇತಿ ಪಡೆದಿರಬೇಕು, ಮತ್ತು ತರಗತಿಗೂ ಒಡೆಯನೊಡನೆ ಹೋಗಬಲ್ಲುದು. ಆಸರೆಯ ಪ್ರಾಣಿಗೆ ತರಬೇತಿ ಬೇಡ, ಬೆಕ್ಕಾದರೂ ಮೊಲವಾದರೂ ಸರಿ. ಆದರೆ ಅದಕ್ಕೆ ಆ ಕಾಯಿದೆಯ ರಕ್ಷಣೆಯಿಲ್ಲ. ಅದರ ನೆಲೆ ವಸತಿಯ ಕಾನೂನಿನಲ್ಲಿದೆ. 1968ರ ವಸತಿ ಕಾಯಿದೆಗೆ 1988ರಲ್ಲಿ ತಿದ್ದುಪಡಿಯಾಗಿ ಅಂಗವಿಕಲರೂ ಅದರ ರಕ್ಷಣೆಗೆ ಒಳಪಟ್ಟರು.

ವಿದ್ಯಾರ್ಥಿನಿಲಯವು ‘ಮನೆ’ಯೇ ಎಂಬ ಪ್ರಶ್ನೆ ಮಾತ್ರ ಬಹುಕಾಲ ಇತ್ಯರ್ಥವಾಗಿರಲಿಲ್ಲ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕರ್ನಿ ಶಾಖೆಯಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ತನ್ನ ಪುಟ್ಟ ನಾಯಿಯನ್ನು ಇರಿಸಿಕೊಳ್ಳಲು ಅನುಮತಿ ದೊರೆಯಲಿಲ್ಲ. ಸರಕಾರವೇ 2011ರಲ್ಲಿ ದಾವೆ ಹೂಡಿತು. ವಿದ್ಯಾರ್ಥಿಗಳ ವಾಸ ತಾತ್ಕಾಲಿಕ, ಆದ್ದರಿಂದ ಅದು ಮನೆಯಲ್ಲವೆಂಬ ವಾದವನ್ನು 2013ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. 2015ರ ರಾಜಿಯಲ್ಲಿ ವಿಶ್ವವಿದ್ಯಾಲಯವು ಇಬ್ಬರು ವಿದ್ಯಾರ್ಥಿಗಳಿಗೆ 1,40,000 ಡಾಲರು ಕೊಡಲು ಒಪ್ಪಿ, ತನ್ನ ನಿಯಮಗಳನ್ನೂ ಬದಲಿಸಿತು.

ಇನ್ನು ಆ ಪತ್ರ. ವಿದ್ಯಾರ್ಥಿಗೆ ದೈನಂದಿನ ಬಾಳನ್ನು ತೊಡಕಾಗಿಸುವ ತೊಂದರೆಯಿದೆ, ಪ್ರಾಣಿಯ ಸಹವಾಸದಿಂದ ಅದು ತಗ್ಗುತ್ತದೆ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರೋ ಮನಶ್ಶಾಸ್ತ್ರಜ್ಞರೋ ಬರೆಯಬೇಕು. ಪತ್ರಕ್ಕೆ ಬೆಲೆ ಬಂದೊಡನೆ ಅದನ್ನು ಮಾರುವವರೂ ಬಂದರು! ಹಣ ತೆತ್ತರೆ ‘ನೋಂದಣಿ ಪತ್ರ’, ಜೊತೆಗೊಂದು ಬಿಲ್ಲೆ. ಅಂತಹ ಸರಕಾರೀ ನೋಂದಣಿಯೇ ಅಲ್ಲಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ, ಆಸರೆಯ ನಾಯಿಗೆ ಪತ್ರ ಬರೆಯುವ ಮುನ್ನ ವೈದ್ಯರಿಗೂ ರೋಗಿಗೂ ಕನಿಷ್ಠ 30 ದಿನಗಳ ಸಂಬಂಧವಿರಬೇಕೆಂಬ ಕಾನೂನು ಜಾರಿಗೆ ಬಂತು. ವಿಮಾನಗಳಲ್ಲಿ ಇಂತಹ ಪ್ರಾಣಿಗಳಿಗಿದ್ದ ವಿಶೇಷ ಸೌಲಭ್ಯ 2021ರಲ್ಲೇ ಕೊನೆಗೊಂಡಿತ್ತು. ಸುಳ್ಳು ಕಾಗದಗಳ ಹಾವಳಿಯಿಂದ ಪೆಟ್ಟು ಬೀಳುವುದು ನಿಜವಾಗಿ ನೊಂದವರಿಗೆ.

ಗಡಿನಾಡಿನ ನಮ್ಮ ಮನೆಗಳ ಮಕ್ಕಳೂ ಅಲ್ಲಿ ಓದುತ್ತಿದ್ದಾರೆ. ಮನಸ್ಸಿನ ಕಾಯಿಲೆಗೆ ವೈದ್ಯರ ಪತ್ರವೆಂದರೆ ‘ನಾಳೆ ಸಂಬಂಧ ಕೂಡಿಬರುವಾಗ ಯಾರಾದರೂ ಕೇಳಿದರೆ?’ ಎಂದು ಇಲ್ಲಿ ತಾಯ್ತಂದೆಗಳು ಅಂಜುತ್ತಾರೆ. ಮಕ್ಕಳು ದೂರವಾಣಿಯಲ್ಲಿ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಆ ಪತ್ರದಲ್ಲಿ ಕಾಯಿಲೆಯ ಪೂರ್ತಿ ಕಥೆ ಇರಬೇಕಾಗಿಲ್ಲ, ಅದು ಕಾಲೇಜಿನ ಸಂಬಂಧಪಟ್ಟ ಕಚೇರಿಗಾಗಿ ಬರೆದದ್ದು ಎಂಬುದನ್ನು ಹೆತ್ತವರು ತಿಳಿದಿದ್ದರೆ ಒಳ್ಳೆಯದು. ಅರ್ಜಿಯನ್ನು ಕೋಣೆ ಹಂಚುವ ಮೊದಲೇ ಕೊಡಬೇಕು. ಜೊತೆಗಾರನಿಗೆ ಬೆಕ್ಕಿನ ರೋಮ ಒಗ್ಗದಿದ್ದರೆ ಬೇರೆ ಕೋಣೆ ಹುಡುಕಲು ಕಚೇರಿಯವರಿಗೂ ಸಮಯ ಬೇಕಲ್ಲವೇ?