ಶಾಲೆಯಲ್ಲಿ ನಾಯಕತ್ವವನ್ನು ಬೆಳೆಸುವ ಬಗೆ

1985ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವು ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವೆಂದು ಹೆಸರಾಯಿತು; 2020ರಲ್ಲಿ ಹಳೆಯ ಹೆಸರೇ ಮರಳಿತು. ಹೆಸರು ಬದಲಾದರೂ ಆ ಮಾತಿನ ತಿರುಳು ಉಳಿದಿದೆ: ಕೆಲಸ ಮಾಡುವವರನ್ನು ಕೆಲಸದ ಮೂಲಕವೇ ಬೆಳೆಸುವುದು, ನಾಳಿನ ಹೊಣೆಗೆ ಅವರನ್ನು ಇಂದೇ ಸಿದ್ಧಗೊಳಿಸುವುದು. ಕಾರ್ಖಾನೆ, ಕಚೇರಿಗಳಂತೆ ಶಾಲೆಯೂ ಹಲವರು ಕೂಡಿ ದುಡಿಯುವ ಸ್ಥಳವಾದುದರಿಂದ ಈ ತತ್ತ್ವವು ಅದಕ್ಕೂ ಅನ್ವಯಿಸುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಇದರ ಅಗತ್ಯ ಇನ್ನೂ ಹೆಚ್ಚು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆದರೆ ಆ ಸೌಲಭ್ಯವನ್ನು ತರಗತಿಯವರೆಗೆ ತಲುಪಿಸುವವರು ಶಿಕ್ಷಕರು. ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಬರುವ ಸುತ್ತೋಲೆಯನ್ನು ಓದಿ ಅರ್ಥೈಸುವುದು, ಅರ್ಜಿಯನ್ನು ಯಾವ ಕಚೇರಿಗೆ ಯಾವಾಗ ಸಲ್ಲಿಸಬೇಕೆಂದು ತಿಳಿದಿರುವುದು, ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಲು ಹಿಂಜರಿಯುವ ಪೋಷಕರೊಡನೆ ಮಾತನಾಡುವುದು, ಇವೆಲ್ಲ ಅನುಭವದಿಂದ ಬಂದ ಅರಿವು. ಅದು ಒಬ್ಬರಲ್ಲಿಯೇ ಉಳಿದರೆ, ಅವರ ನಿವೃತ್ತಿಯೊಡನೆ ಶಾಲೆಯಿಂದ ಹೊರಟುಹೋಗುತ್ತದೆ.

ಹೊಣೆಯೊಡನೆ ಅಧಿಕಾರ

ಸಹಶಿಕ್ಷಕರಿಗೆ ಬಿಡಿ ಕೆಲಸಗಳನ್ನು ಹಂಚುವುದರಿಂದ ನಾಯಕತ್ವ ಬೆಳೆಯದು. ಒಂದು ಕಾರ್ಯವನ್ನು ಆರಂಭದಿಂದ ಕೊನೆಯವರೆಗೆ ಒಪ್ಪಿಸಬೇಕು. ಉದಾಹರಣೆಗೆ, ಕನ್ನಡ ಪಠ್ಯಪುಸ್ತಕಗಳ ಪೂರೈಕೆ. ಮಕ್ಕಳ ಸಂಖ್ಯೆಯನ್ನು ಗುರುತಿಸಿ ಬೇಡಿಕೆಪಟ್ಟಿ ಸಿದ್ಧಪಡಿಸುವುದು, ಕಚೇರಿಯೊಡನೆ ಪತ್ರ ವ್ಯವಹಾರ ನಡೆಸುವುದು, ಬಂದ ಪುಸ್ತಕಗಳನ್ನು ಎಣಿಸಿ ಹಂಚುವುದು, ಕೊರತೆಯನ್ನು ವರದಿ ಮಾಡುವುದು ಒಬ್ಬರದೇ ಹೊಣೆಯಾಗಿರಲಿ. ಸಹಿ ಮುಖ್ಯೋಪಾಧ್ಯಾಯರದಾದರೂ ನಡುವಣ ನಿರ್ಧಾರಗಳನ್ನು ಆ ಶಿಕ್ಷಕರೇ ಕೈಗೊಳ್ಳಲಿ. ತಪ್ಪಾದರೆ ಮಕ್ಕಳೆದುರು ಆಕ್ಷೇಪಿಸದೆ, ಕಾರಣವನ್ನು ಇಬ್ಬರೂ ಕುಳಿತು ಪರಿಶೀಲಿಸಬೇಕು. ಚುರುಕಾದ ಒಬ್ಬರಿಗೇ ಎಲ್ಲವನ್ನೂ ಹೊರಿಸುವ ರೂಢಿಯಿಂದ ಅವರು ಬಳಲುತ್ತಾರೆ, ಉಳಿದವರು ಕಲಿಯುವುದಿಲ್ಲ. ಆದ್ದರಿಂದ ಹೊಣೆಗಳು ವರ್ಷಕ್ಕೊಮ್ಮೆ ಕೈಬದಲಾಗಬೇಕು.

ಹೊಸಬರಿಗೆ ಜೊತೆಗಾರ

ಹೊಸದಾಗಿ ಬಂದ ಶಿಕ್ಷಕರಿಗೆ ಮೊದಲ ಅವಧಿಯಲ್ಲಿ ಅನುಭವಿಯೊಬ್ಬರು ಜೊತೆಗಾರರಾಗಿರಬೇಕು. ವಾರಕ್ಕೊಮ್ಮೆಯಾದರೂ ಒಬ್ಬರ ಪಾಠವನ್ನು ಇನ್ನೊಬ್ಬರು ಕುಳಿತು ಕೇಳಲಿ. ಇದು ತಪಾಸಣೆಯಲ್ಲ. ಪಾಠ ಮುಗಿದ ಮೇಲೆ ಒಂದೇ ಪ್ರಶ್ನೆಯನ್ನು ಚರ್ಚಿಸಿದರೆ ಸಾಕು: ಮಕ್ಕಳಿಗೆ ಯಾವ ಹಂತದಲ್ಲಿ ಅರ್ಥವಾಗದೆ ಹೋಯಿತು? ಮನೆಯಲ್ಲಿ ತುಳು, ಬಡಗ ಅಥವಾ ಬೇರೊಂದು ನುಡಿಯಾಡುವ ಮಕ್ಕಳಿರುವಲ್ಲಿ ಈ ಪ್ರಶ್ನೆ ವಿಶೇಷವಾಗಿ ಉಪಯುಕ್ತ. ಹಿರಿಯರ ಪಾಠವನ್ನೂ ಕಿರಿಯರು ಕೇಳಿ ಅಭಿಪ್ರಾಯ ಹೇಳುವಂತಿದ್ದರೆ ಪರಸ್ಪರ ವಿಶ್ವಾಸ ಬೆಳೆಯುತ್ತದೆ.

ಶಾಲೆಯ ಕೈಪುಸ್ತಕ

ಪ್ರತಿ ಶಾಲೆಯೂ ಒಂದು ದಪ್ಪ ನೋಟುಪುಸ್ತಕವನ್ನು ಇಡುವುದು ಲೇಸು. ವರ್ಷದ ಯಾವ ತಿಂಗಳಲ್ಲಿ ಯಾವ ವರದಿ ಸಲ್ಲಬೇಕು, ಮುಖ್ಯ ಸುತ್ತೋಲೆಗಳ ಕನ್ನಡ ಸಾರಾಂಶ, ವಿಜ್ಞಾನ ಮತ್ತು ಗಣಿತದ ಪದಗಳಿಗೆ ರಾಜ್ಯಭಾಷೆಯಲ್ಲಿಯೂ ಕನ್ನಡದಲ್ಲಿಯೂ ಇರುವ ಸಮಾನ ಪದಗಳು, ಇವು ಅದರಲ್ಲಿರಲಿ. ಹೊಣೆ ಬಿಡುವವರು ತಮ್ಮ ಕೆಲಸದ ಕ್ರಮವನ್ನು ಅದರಲ್ಲಿ ಬರೆದ ಬಳಿಕವೇ ಮುಂದಿನವರಿಗೆ ಒಪ್ಪಿಸತಕ್ಕದ್ದು.

ಚಿಕ್ಕ ಶಾಲೆಗಳು ಕೂಡಿದಾಗ

ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜ. ನೆರೆಯ ಶಾಲೆಗಳು ಒಂದು ಸಂಕೀರ್ಣವಾಗಿ ಕೂಡಿ ಕೆಲಸ ಮಾಡುವ ಸಲಹೆಯನ್ನು 1964–66ರ ಕೊಠಾರಿ ಆಯೋಗವೇ ನೀಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಎತ್ತಿಹಿಡಿದಿದೆ. ಪ್ರತಿ ಶಿಕ್ಷಕರೂ ಮುಖ್ಯೋಪಾಧ್ಯಾಯರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕೆಂಬುದೂ ಆ ನೀತಿಯ ನಿರೀಕ್ಷೆ. ತರಬೇತಿ ರಾಜ್ಯಭಾಷೆಯಲ್ಲಿ ಮಾತ್ರ ನಡೆದಾಗ, ಅದಕ್ಕೆ ಹೋಗಿಬಂದವರು ನಾಲ್ಕಾರು ಕನ್ನಡ ಶಾಲೆಗಳ ಶಿಕ್ಷಕರನ್ನು ಸೇರಿಸಿ ಅದರ ತಿರುಳನ್ನು ಕನ್ನಡದಲ್ಲಿ ಹೇಳಬಹುದು. ಹಾಗೆ ಹೇಳುವವರು ಪ್ರತಿ ಬಾರಿಯೂ ಬೇರೆಬೇರೆಯಾಗಿದ್ದರೆ ನಾಯಕತ್ವದ ಅಭ್ಯಾಸವೂ ಆಗುತ್ತದೆ.

ಇದರ ಫಲವನ್ನು ಅಳೆಯಲು ಸುಲಭವಾದ ಪರೀಕ್ಷೆಯೊಂದಿದೆ. ಮುಖ್ಯೋಪಾಧ್ಯಾಯರು ಒಂದು ವಾರ ರಜೆಯಲ್ಲಿರುವಾಗ ಪಾಠಗಳು ಯಥಾಪ್ರಕಾರ ನಡೆದು, ಸುತ್ತೋಲೆಗೆ ಸಕಾಲದಲ್ಲಿ ಉತ್ತರ ಹೋಗಿ, ಬಂದ ಪೋಷಕರಿಗೆ ಸಮಾಧಾನಕರ ಮಾಹಿತಿ ದೊರೆತರೆ, ಆ ಶಾಲೆಯ ಮುಂದಿನ ಮುಖ್ಯೋಪಾಧ್ಯಾಯರು ಸಿದ್ಧರಾಗುತ್ತಿದ್ದಾರೆ ಎಂದು ತಿಳಿಯಬಹುದು. ಹಾಗೆ ಆಗದಿದ್ದಲ್ಲಿ ಯಾವ ಕೆಲಸ ನಿಂತಿತೋ ಅದನ್ನೇ ಮೊದಲು ಇನ್ನೊಬ್ಬರಿಗೆ ಕಲಿಸಬೇಕು.